ಎಡಕ್ಕೆ ಎಳೆಯುವ ಬಂಡಿ

ತೊಗರಿ ಕಟ್ಟಿಗೆ ಹೇರಿಕೊಂಡು ಕಾಲುವೆ ಏರಿ ಇಳಿಯುವಾಗ
ಬಂಡಿ ಒಮ್ಮೆ ಕೆಮ್ಮಿತು. ಅಷ್ಟೇ.
ಎಡಗಾಲಿ ವಾಲಿ
ಗುಂಬದ ಬಾಯಿಂದ ಬಿಳಿ ಸೀಳು ಹಲ್ಲು ಕಿಸಿಯಿತು.
ಎತ್ತೆರಡೂ ನಿಂತು ಹಿಂದೆ ತಿರುಗಿದವು,
ಈಗೇನು ಮಾಡಿದೆ ಎಂದು ನನ್ನನ್ನೇ ಕೇಳುವಂತೆ.

ಮುರಿದ ಕಡೆಗೆ ಜಾಲಿ ಕೊಂಬೆಯ ಊರುಗಾಲು ಕೊಟ್ಟು
ಟ್ರ್ಯಾಕ್ಟರಿನ ಹಿಂದೆ ಎಳೆದು ತಂದೆವು
ಕವಿತಾಳದ ಬಡಿಗೇರ ಓಣಿಗೆ.

ದೇವಿಂದ್ರಪ್ಪನ ಅಂಗಳದ ತುಂಬ ಈಗ ಬಾಗಿಲ ಚೌಕಟ್ಟುಗಳು.
ಗಾಲಿ ಮಾಡಿ ಹದಿನಾಲ್ಕು ವರ್ಷವಾಯಿತಂತೆ.
ಅಳಿಯ ಕರೆಂಟಿನ ರಂಧಾ ನಿಲ್ಲಿಸಿ
"ಕಬ್ಬಿಣದ ಇರಸು ಸಿಗ್ತಾದಲ್ಲವ್ವ, ರಬ್ಬರ್ ಗಾಲಿ ಹಾಕ್ಸಿಬಿಡು" ಅಂದ.
ಮುದುಕ ಏನೂ ಅನ್ನದೆ ಎದ್ದು ಬಂದು
ಮುರಿದ ಬಾಯಿಗೆ ಮೂಗು ಹಚ್ಚಿದ.
"ಕರಿಜಾಲಿ. ಹಳ್ಳದ ದಂಡಿದು."

ಕಡಾಣಿ ಬಡಿದು ತೆಗೆದೆವು. ಗಾಲಿ ಗೋಡೆಗೊರಗಿತು.
ನಲವತ್ತೊಂಬತ್ತು ವರ್ಷದ ಕೀಲೆಣ್ಣೆ, ಹುಲ್ಲಿನ ಬೂದಿ, ಎರೆಮಣ್ಣು,
ಯಾವುದೋ ಸುಗ್ಗಿಯ ಒಂದೇ ಒಂದು ಜೋಳದ ಕಾಳು
ಕರಿಬೆಲ್ಲದಂತೆ ಹೆಪ್ಪುಗಟ್ಟಿದ್ದವು.
ಅವನು ಕೆರೆಯುತ್ತ ಹೋದ,
ಕೆರೆಯುತ್ತ ಹೋಗಿ, ನಿಂತ.

ಇರಸು ಕೂರುವ ಕಚ್ಚಿನಲ್ಲಿ ಒಂದು ಬೆಣೆ.
ಹುಣಸೆಯದು, ಬೆರಳುದ್ದ,
ಹಳದಿ ಸೀರೆಯ ಚೂರು ಸುತ್ತಿ ಬಡಿದದ್ದು,
ಯಾರ ಕಣ್ಣೂ ಹೋಗದ ಜಾಗದಲ್ಲಿ.

ಮೂಲೆಮಟ್ಟ ತರಿಸಿದ. ಇಟ್ಟ. ತೆಗೆದ. ಮತ್ತೆ ಇಟ್ಟ.
ಎಡದ ತೋಳು ಅರ್ಧ ಬೆರಳು ಹಿಂದೆ.
"ಇದು ನನ್ನ ಕೈ" ಅಂದ.
"ಹತ್ತೊಂಬತ್ತು ನನಗಾಗ. ಅಪ್ಪ ಊಟಕ್ಕ ಹೋಗಿದ್ದ.
ಕಚ್ಚು ಹೆಚ್ಚಿಗಿ ಕಡದೆ. ಬೆಣಿ ಹೊಡದು ಮುಚ್ಚಿದೆ.
ಸೀರಿ ಅವ್ವಂದು."

ಲಾಳೆಸಾಬನ ಬಂಡಿ ಎಡಕ್ಕೆ ಎಳೆಯುತ್ತದೆಂದು
ಊರಿಗೆಲ್ಲ ಗೊತ್ತಿತ್ತು.
ತಪ್ಪು ಕೆಂದನದು. ಎಡಗೋಲಿನ ಎತ್ತು, ಮೈಗಳ್ಳ.
ನಮ್ಮಪ್ಪ ಬಾರುಕೋಲನ್ನು ಅವನೊಬ್ಬನಿಗೇ ಮೀಸಲಿಟ್ಟಿದ್ದ.
ಎಂಟು ವರ್ಷದ ನಾನೂ ಮೂಕಿಯ ಮೇಲೆ ಕೂತು
ಅವನ ಬಾಲ ತಿರುವಿದ್ದೆ.
ಕೊನೆಗೆ ಸಿರವಾರ ಸಂತೆಯಲ್ಲಿ ಮಾರಿ
ಬೇರೆಯದು ತಂದರೆ ಅದೂ ಎಡಕ್ಕೇ ಎಳೆಯಿತು.
"ಇದಕ್ಕೂ ಕೆಂದನ ಗಾಳಿ ಬಡದಾದ" ಅಂದಿದ್ದ ಅಪ್ಪ.

ಹೇಳಲೋ ಬೇಡವೋ ಎಂದು ನಿಂತೆ.
ಹೇಳಿದೆ.
ಮುದುಕ ಬೆಣೆಯನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ.
"ಹೆಂಗಿತ್ತು ಅದು, ನೋಡಾಕ?"
"ಕೆಂಪಗ. ಹಣಿ ಮ್ಯಾಲ ಸುಣ್ಣ ಸಿಡದಂಗ ಒಂದು ಚುಕ್ಕಿ."
ತಲೆಯಾಡಿಸಿದ, ಪರಿಚಯದವರ ಸಾವು ಕೇಳಿದಂತೆ.

ಮೂರು ದಿನ.
ಚಹಾದ ಬಟ್ಟಲು ಹಿಡಿದರೆ ನಡುಗುವ ಕೈ
ಬಾಚಿ ಹಿಡಿದರೆ ನಡುಗಲಿಲ್ಲ.
ಅಟ್ಟದ ಮೇಲೆ ಯಾರಿಗೋ ಎಂದು ಒಣಗಿಸಿಟ್ಟ ಜಾಲಿ ದಿಮ್ಮಿ
ಕೆಂಪು ಕೆಂಪು ಚಕ್ಕೆಯಾಗಿ ಉದುರಿತು,
ಮಾಂಸವೆಂದು ಓಡಿಬಂದ ಕೋಳಿಗಳು ಕೊಕ್ಕು ಹಾಕಿ ಬಿಟ್ಟವು.

"ದಾರ ಹಿಡಿ, ರಾಜಮಾ."
ಮೂಕಿಯ ತುದಿಯಿಂದ ಎಡದ ತೋಳಿಗೆ.
ಮೂಕಿಯ ತುದಿಯಿಂದ ಬಲದ ತೋಳಿಗೆ.
ಒಂದೇ ಬಂತು. ಮತ್ತೊಮ್ಮೆ ಅಂದ. ಒಂದೇ.
ಮತ್ತೊಮ್ಮೆ.
ಅಳಿಯ ನಗುವುದಕ್ಕೆ ಹೋಗಿ, ನಗಲಿಲ್ಲ.

ಕಟ್ಟಿಗೆಯ ರೊಕ್ಕ ಅಷ್ಟೇ ತಗೊಂಡ, ಕೂಲಿ ಮುಟ್ಟಲಿಲ್ಲ.
ಬೆಣೆ ಕೊಡು ಅಂದೆ.
ಅದನ್ನೂ ಕೊಡಲಿಲ್ಲ.

ಸಂಜೆ ಬಂಡಿ ಹೂಡಿ ಹೊರಟೆ.
ಗಾಲಿಯ ದನಿ ಹೊಸದು, ಹುಬ್ಬು ಗಂಟಿಕ್ಕದ ದನಿ.
ಆದರೆ ಬಲಕ್ಕೆ ಹಗ್ಗ ಜಗ್ಗುವುದು ನನ್ನ ಕೈಗೆ ರೂಢಿ,
ಬಲಕ್ಕೆ ಒರಗಿ ನಡೆಯುವುದು ಎತ್ತುಗಳಿಗೆ ರೂಢಿ.
ನೆಟ್ಟಗಿನ ಬಂಡಿ ಬಲಗಡೆಯ ಬದುವಿಗೆ ಹತ್ತಿ ನಿಂತಿತು.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು.
ಯಾವ ಎತ್ತಿನ ಹೆಸರು ಹಿಡಿಯಲಿ ಎನ್ನುವಷ್ಟರಲ್ಲಿ
ಕೆಳಗಿಳಿದೆ,
ಬಗ್ಗಿ ಇರಸಿನ ತುದಿ ಮುಟ್ಟಿದೆ.
ಬಿಸಿ ಇರಲಿಲ್ಲ.
ಎಡಗೋಲಿನವನ ಕೊರಳು ಕೆರೆಯುತ್ತ
ಸ್ವಲ್ಪ ಹೊತ್ತು ಅಲ್ಲೇ ನಿಂತೆ.