ಶಕ್ತಿಯ ಕಾಲಂ

ಮೂರನೆಯ ರಾತ್ರಿ ಕರೆಂಟು ಹೋದ ಮೇಲೆ
ಏಳನೇ ಕ್ಲಾಸು ಬಿ ಸೆಕ್ಷನ್ನಿನ ನೆಲದ ಮೇಲೆ
ಹತ್ತೊಂಬತ್ತು ಮಕ್ಕಳು ಶಿವಮೊಗ್ಗವನ್ನು ಹಂಚಿಕೊಂಡರು.

ಹೊಳೆ ಬಸ್‌ಸ್ಟಾಪಿನಿಂದ ಬೈಪಾಸ್ ಸೇತುವೆಯವರೆಗೆ ಇಂಚರಳ ಸರಹದ್ದು:
ಎಡಗೈಯಲ್ಲಿ ತುಂಗೆಯನ್ನು ಒತ್ತಿ ಹಿಡಿಯಬಲ್ಲಳು,
ಬಲಗೈಯಲ್ಲಿ ಬಿಸ್ಕತ್ತು ತಿನ್ನುತ್ತ.
ಮಂಡ್ಲಿ ಕಡೆ ಜುನೈದ್. ಹಲ್ಲು ಕಡಿದರೆ ಸಾಕು,
ಬೀದಿದೀಪ ಸಾಲಾಗಿ ಹತ್ತುತ್ತವೆ.
ಅವನ ತಂಗಿಗಿನ್ನೂ ತೊದಲು,
ಮೀನುಗಳ ಭಾಷೆ ಮಾತ್ರ ಸ್ಪಷ್ಟವಂತೆ.

ಆಟ ನಡೆಸುವವಳು ಅಫ್ರೀನ್, ಹದಿಮೂರು ವರ್ಷ.
ಹಳೆಯ ಉತ್ತರಪತ್ರಿಕೆಗಳ ಬೆನ್ನಿಗೆ
ಹೆಸರು, ಶಕ್ತಿ, ದೌರ್ಬಲ್ಯ ಎಂದು ಕಾಲಂ ಎಳೆದಿದ್ದಳು,
ನಮ್ಮ ಸ್ಟೇಷನ್ ರೈಟರಿಗಿಂತ ನೇರ ಗೆರೆ.
ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಸೇರಿಸಬೇಕು,
ಅಳಿಸುವ ಹಾಗಿಲ್ಲ.
ತಕರಾರು ಬಂದರೆ ಲೂಡೋದ ದಾಳ.

ಆಟದ ಗಾಜನೂರಿನಲ್ಲಿ ಯಾರೋ ರಾಕ್ಷಸ
ಡ್ಯಾಮಿನ ಗೇಟುಗಳನ್ನು ಹಪ್ಪಳದ ಹಾಗೆ ಮುರಿಯುತ್ತಿದ್ದ.
ಸೂಪರ್ ಹೀರೋಗಳೆಲ್ಲ ಅತ್ತ ಹಾರಿದರು.
‘ಊರಲ್ಲಿ ಜನಾನ ಎಬ್ಬಿಸೋರ್ಯಾರು ಮತ್ತೆ?’
ತಲೆಗಳೆಲ್ಲ ಬಾಗಿಲಿಗೆ ತಿರುಗಿದವು.
ಬಾಗಿಲಲ್ಲಿ ನಾವಿದ್ದೆವು, ಹೆಡ್ ಕಾನ್‌ಸ್ಟೇಬಲ್ ಹಾಲಪ್ಪ,
ಮತ್ತು ನಾನು, ಫಿಲೋಮಿನಾ,
ಒದ್ದೆ ಬೂಟಿನೊಳಗೆ ಕಾಲಿಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು.

‘ನೀವು ಪೊಲೀಸ್ ಆಗಿ.’
‘ಆಗೇ ಇದೀವಲ್ಲಮ್ಮ.’
‘ಆಟದಲ್ಲಿ.’
‘ಶಕ್ತಿ ಏನು ಬರ್ಕೊಳ್ಳಲಿ?’
‘ಪೊಲೀಸ್ರಿಗೆ ಇರಲ್ಲ ಅಂಕಲ್.’
‘ಒಂದು ಚೂರು?’
‘ಇದ್ರೆ ಆಟ ಕೆಡತ್ತೆ.’

ದೌರ್ಬಲ್ಯದ ಕಾಲಮಿನಲ್ಲಿ ಹಾಲಪ್ಪ ತಾವೇ ಬರೆದರು:
ಎಡ ಮಂಡಿ. ಬಿ.ಪಿ.
ಜಾಗ ಸಾಲದೆ ಅಂಚಿನಲ್ಲಿ: ಸಿಟ್ಟು.

ಬಾಗಿಲು ತಟ್ಟುತ್ತ ಹೋದೆವು, ಬೆಂಚಿನಿಂದ ಬೆಂಚಿಗೆ.
ಹಾರಿ ಹೋಗಿದ್ದ ಜುನೈದ್ ಮುದುಕನಾಗಿ ವಾಪಸಾದ:
‘ನನ್ನ ಹೊಲಿಗೆ ಮಿಷನ್ ಬಿಟ್ಟು ಬರಾಕಿಲ್ಲ ಕಣ್ರೀ!’
ಇಂಚರ ಬಸುರಿಯಾದಳು, ಅಂಗಿಯೊಳಗೆ ಬ್ಯಾಗು ತುರುಕಿ.
ಮೂರು ದಿನದಿಂದ ನಾವು ಕೇಳಿದ್ದ ಮಾತುಗಳೇ ಎಲ್ಲ.
ಹಾಲಪ್ಪ ಅದೇ ಬೈಗುಳ ಬೈದರು.
ಮಕ್ಕಳು ಬಿದ್ದು ಬಿದ್ದು ನಕ್ಕರು.

ಆಗ ಗೌರೀಶ ಎಂಬ ಹುಡುಗ ಮೂಲೆಯಿಂದ ಹಾಳೆ ಚಾಚಿದ.
ಶಕ್ತಿ: ಟೈಮು ಹಿಂದಕ್ಕೆ ತಿರುಗಿಸೋದು. ಒಂದೇ ಸಲ.
‘ಮಂಗಳವಾರ,’ ಅಂದ. ‘ನಾಲ್ಕು ಗಂಟೆ.’

ನನ್ನ ರಿಜಿಸ್ಟರಿನಲ್ಲಿ ಅವನ ಅಜ್ಜಿ ಇದ್ದಾಳೆ:
ಕಾಣೆ. ವಯಸ್ಸು ಅರವತ್ತೆಂಟು. ಗಿಳಿಹಸಿರು ಸೀರೆ.
ಮುಂಗೈ ಮೇಲೆ ಹಚ್ಚೆ. ಕಿವಿ ಮಂದ.

‘ಇದಕ್ಕೆ ಎಲ್ಲರೂ ಕೈ ಎತ್ತಬೇಕು,’ ಅಂದಳು ಅಫ್ರೀನ್.
ಟಾರ್ಚಿನ ಬೆಳಕಲ್ಲಿ ಎಣಿಸಿದಳು.
ಹತ್ತೊಂಬತ್ತು. ನನ್ನದು ಇಪ್ಪತ್ತು.
ಹಾಲಪ್ಪನವರ ಕೈ ಟೊಪ್ಪಿಗೆಯ ಮೇಲೇ ಇತ್ತು.

ಮಂಗಳವಾರ ನಾಲ್ಕಕ್ಕೆ ಆ ಓಣಿಯಲ್ಲಿ ಎರಡು ಬಾಗಿಲು, ಒಂದು ಹಗ್ಗ.
ಕೂಗಿದ ಮನೆಗೆ ಮೊದಲು ಹೋದೆವು.
ಎದುರು ಮನೆ ಸುಮ್ಮನಿತ್ತು.
ಹಗ್ಗದ ಇನ್ನೊಂದು ತುದಿ ನನ್ನ ಸೊಂಟದಲ್ಲಿತ್ತು,
ಆದ್ದರಿಂದ ನನಗೆ ಗೊತ್ತು.

‘ಹಿಂದಕ್ಕೆ ಹೋಗುವಾಗ,’ ಹಾಲಪ್ಪ ಗಂಟಲು ಸರಿ ಮಾಡಿಕೊಂಡರು,
‘ಶಕ್ತಿ ಇಲ್ಲದೋರೂ ಬರಬಹುದಾ?’

ಅದಕ್ಕೆ ರೂಲು ಇರಲಿಲ್ಲ.
ಅಫ್ರೀನ್ ಪೆನ್ಸಿಲ್ ಕಚ್ಚಿದಳು.
ಗೌರೀಶ ಅವರ ಮುಖ ನೋಡದೆ ಹೇಳಿದ:
‘ಹಗ್ಗ ಹಿಡಿಯೋಕೆ ಜನ ಬೇಕಲ್ಲ.’

ದಾಳ ಬಿತ್ತು, ಉರುಳಿತು, ಡೆಸ್ಕಿನಡಿ ಕತ್ತಲಿಗೆ ಹೋಯಿತು.
ಅಷ್ಟರಲ್ಲಿ ವೈರ್‌ಲೆಸ್ಸು ಕರಕರ ಅಂತು,
ಕುಂಬಾರಗುಂಡಿಯಲ್ಲಿ ಗೋಡೆ.
ಆಟದಿಂದೆದ್ದವರ ಹಾಗೇ ಎದ್ದು ಹೋದೆವು,
ಮಂಡಿ ಹಿಡಿದುಕೊಂಡು ಒಬ್ಬರು.

ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ
ಹೊಳೆ ತಡೆದವಳು ತನ್ನ ಒಂದು ಚಪ್ಪಲಿ ಕಂಡಿರಾ ಎಂದು ಕೇಳಿದಳು.
ಕೋಣೆ ಗುಡಿಸಿದರೂ ದಾಳ ಸಿಗಲಿಲ್ಲ.

ಹಾಲಪ್ಪನವರ ಹಾಳೆ ನನ್ನ ರಿಜಿಸ್ಟರಿನೊಳಗಿದೆ,
ಗಿಳಿಹಸಿರು ಸೀರೆಯ ಪುಟದಲ್ಲಿ.
ನಮ್ಮ ಇಲಾಖೆಯಲ್ಲಿ ಕಾಲಂ ಖಾಲಿ ಬಿಡುವಂತಿಲ್ಲ,
ಏನೂ ಇಲ್ಲದಿದ್ದರೆ ಅಡ್ಡಗೆರೆ ಎಳೆಯಬೇಕು.

ನಾನಿನ್ನೂ ಎಳೆದಿಲ್ಲ.