ಅಕ್ಷರಕ್ಕಿಷ್ಟು

ಅಕ್ಷರಕ್ಕೆ ನಾಲ್ಕು ರೂಪಾಯಿ ಇದ್ದಾಗ ಕುಂಚ ಹಿಡಿದವನು ನಾನು.
ಒತ್ತಕ್ಷರಕ್ಕೆ ಬೇರೆ ದುಡ್ಡಿಲ್ಲ,
ಕಾರವಾರದ ಕಚೇರಿಗಳೆಲ್ಲ ಕೂಡಿ ಮಾಡಿಕೊಂಡ ಕಾನೂನು.
ಹಾಗಾಗಿ 'ನಿರ್ದೇಶಕರು' ಎಂದರೆ ಐದೇ ಅಕ್ಷರ,
ಅರ್ಕಾವೊತ್ತು ಪುಕ್ಕಟೆ.

ಮೋಹಿನಿ ಹರಿಕಂತ್ರ ಅವರ ಹೆಸರು
ಮೊದಲು ಬರೆದದ್ದು ಅಂಕೋಲೆಯಲ್ಲಿ, ತಗಡಿನ ಮೇಲೆ.
ಅದಕ್ಕೂ ಮುಂಚೆ ತದಡಿಯಲ್ಲಿ ಮೇಲ್ವಿಚಾರಕಿ;
ಬೋರ್ಡು ಏರದ ಹುದ್ದೆ ಅದು,
ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ತಾವೇ ಬರೆದುಕೊಂಡಿದ್ದರಂತೆ.
ಅಂಕೋಲೆಯದು ಸಹಾಯಕ ನಿರ್ದೇಶಕರು,
ಪಕ್ಕದಲ್ಲಿ ಸಣ್ಣಗೆ, ಎರಡು ಕಂಸಗಳ ಸೆರೆಯಲ್ಲಿ, ಪ್ರಭಾರ.
'ಕಂಸಕ್ಕೂ ದುಡ್ಡೇನು, ಬಾಂದೇಕರ?' ಎಂದು ಕೇಳಿದರು.
ಇಲ್ಲವೆಂದೆ.
'ಹಾಗಾದರೆ ಅಷ್ಟಾದರೂ ಉಳಿಯಿತು.'

ಕಂಸ ಬಿದ್ದದ್ದು ಮೂರು ವರ್ಷಕ್ಕೆ.
'ಸಹಾಯಕ' ಕೆರೆಯಲು ಹನ್ನೊಂದು.
'ಉಪ' ಎರಡೇ ಅಕ್ಷರ, ಬ್ಲೇಡಿಗೆ ಎರಡು ನಿಮಿಷದ ಕೆಲಸ,
ಅವರಿಗೆ ಒಂಬತ್ತು ವರ್ಷದ್ದು.
ಹಿಂದಿನ ಪದ ಹಾಗೇ ಇರುತ್ತದೆ ನೋಡಿ,
ನಿರ್ದೇಶಕರು, ನಿರ್ದೇಶಕರು,
ಮೊದಲ ದಿನದಿಂದಲೂ ಅದೇ ಹಳದಿ, ಅದೇ ದಪ್ಪ.
ಮನುಷ್ಯರು ಸವೆಯುವುದು ಮುಂದಿನ ಪದದಲ್ಲಿ.

ನೇರ ನೇಮಕಾತಿಯ ಹುಡುಗರೂ ಬಂದರು,
'ಉಪ'ದಿಂದಲೇ ಶುರುವಾದವರು.
ಸಾಹೇಬರ ಕೋಣೆಯಲ್ಲಿ ಒಂದು ತೇಗದ ಹಲಗೆ:
ಹೆಸರು, ಇಂದ, ವರೆಗೆ.
ಮುತಗಿ ಎನ್ನುವವರು ನಲವತ್ಮೂರು ದಿನ ಇದ್ದರು;
ಅವರ 'ಇಂದ' ಬರೆದ ಕುಂಚ ತೊಳೆಯುವಷ್ಟರಲ್ಲಿ
'ವರೆಗೆ' ಬರೆಯಲು ಕರೆ ಬಂತು.
ಈಗೆಲ್ಲಿ ಅಂದರೆ, ಸ್ಥಳ ನಿರೀಕ್ಷಣೆಯಲ್ಲಿ ಅಂದರು.
ಆ ಊರಿನ ಕೆಲಸ ನನಗೆ ಇನ್ನೂ ಸಿಕ್ಕಿಲ್ಲ.

ಜೂನ್ ಬಂದರೆ ಕಡಲಿಗೆ ರಜೆ.
ಬೈತಖೋಲದಲ್ಲಿ ದೋಣಿಗಳಿಗೆ ಬಣ್ಣ ಹಚ್ಚುತ್ತೇನೆ.
ಜಲಪದ್ಮ ಕಳೆದ ವರ್ಷವೂ ಜಲಪದ್ಮ,
ಸಹಾಯಕ ಜಲಪದ್ಮ ಎಂದು ಯಾರೂ ಬರೆಸುವುದಿಲ್ಲ.
ಒಮ್ಮೆ ಮೇಡಂ ತಪಾಸಣೆಗೆ ಬಂದವರು
ಗಾಳಿಗೆ ಮಗುಚುವ ಕೊಡೆ ಹಿಡಿದು ನಿಂತು ನೋಡಿದರು.
'ಜ್ಯೇಷ್ಠತಾ ಪಟ್ಟಿಯಲ್ಲಿ ನಾನು ಎರಡನೆಯವಳು,' ಎಂದರು, ಕೇಳದೆಯೇ,
'ಮೊದಲನೆಯವರು ಕೋರ್ಟಿಗೆ ಹೋಗಿದ್ದಾರೆ.'
ನನಗೆ ತಿಳಿದದ್ದು ಇಷ್ಟು:
ಕಾಳಿಯ ಅಳಿವೆಯಲ್ಲಿ ಒಂದು ದೋಣಿ ಅಡ್ಡ ನಿಂತಿದೆ,
ಹಿಂದಿನವಕ್ಕೆಲ್ಲ ಇಳಿತದ ಹೊತ್ತು ಹತ್ತಿರ.

ಇವತ್ತು ಮೂವತ್ತೊಂದು. ಅವರ ಕೊನೆಯ ದಿನ.
ತಡೆಯಾಜ್ಞೆ ತೆರವಾಗಿ ವಾರವಾಯಿತಂತೆ,
ಕಡತ ಬೆಂಗಳೂರಿನಲ್ಲಿ ಸಹಿಗೆ ಕೂತಿದೆಯಂತೆ.
ಒಂದು ದಿನದ ನಿರ್ದೇಶಕರಾದರೂ ಪೆನ್ಷನ್ನಿನ ಲೆಕ್ಕ ಬೇರೆಯೆಂದು
ಗುಮಾಸ್ತ ಶಿರೋಡಕರ ಬೆರಳು ಮಡಿಸಿ ತೋರಿಸಿದ,
ಮೇಡಂ ಆ ಲೆಕ್ಕ ಕೇಳಿಸಿಕೊಳ್ಳಲಿಲ್ಲ.
ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು:
'ಹೆಸರು ಬರೆದಿಡಿ. ಕೆಳಗಿನದ್ದು ಸಂಜೆ ಹೇಳುತ್ತೇನೆ.'

ಹೆಸರು ಬರೆದಿಟ್ಟೆ. ಮಧ್ಯಾಹ್ನಕ್ಕೆ ಒಣಗಿತು.
ಕೈ ಸುಮ್ಮನಿರದು. ಯೋಚಿಸಿದೆ:
ನಿರ್ದೇಶಕರು ಎಂದರೂ ಮೊದಲು ನಿ,
ನಿವೃತ್ತ ಎಂದರೂ ಮೊದಲು ನಿ.
ಬರೆದುಬಿಟ್ಟೆ. ನಕಾರ, ಮೇಲೊಂದು ಗುಡಿಸು.

ನಾಲ್ಕು ಗಂಟೆ ಹತ್ತು ನಿಮಿಷ.
ಜವಾನ ಬೊಮ್ಮಯ್ಯ ಎರಡು ಸಲ ಹೊರಗೆ ಬಂದ,
ಎರಡು ಸಲವೂ ಚಹಾ ತರಲಿಕ್ಕೆ.
ಕಿಟಕಿಯೊಳಗೆ ಮೇಡಂ ತಲೆ ಎತ್ತದೆ
ಡೀಸೆಲ್ ಸಹಾಯಧನದ ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ,
ಸಹಿಯ ಕೆಳಗೆ ರಬ್ಬರ್ ಮೊಹರು, ಜಂಟಿ ನಿರ್ದೇಶಕರು, ಠಪ್, ಠಪ್.

ಕುಂಚ ಸೀಮೆಎಣ್ಣೆಯಲ್ಲಿ ನೆನೆಯುತ್ತಿದೆ.
'ನಿವೃತ್ತ ಜಂಟಿ ನಿರ್ದೇಶಕರು' ಆದರೆ ಹತ್ತು ಅಕ್ಷರ,
ನನಗೆ ದುಪ್ಪಟ್ಟು ಕೂಲಿ.
ಆದರೂ, ಗೆರೆ ಎಳೆಯುವಾಗ,
ಐದಕ್ಕೇ ಸರಿಯಾಗಿ ಅಳೆದು
ನಡುವಿನಲ್ಲಿ ಶುರುಮಾಡಿದ್ದೇನೆ.