ದಿಡ್ಡಿ ಬಾಗಿಲು

ಮಂಗಳವಾರ ಗಂಡ ಕರೆಯುತ್ತಾರೆ, ಗುರುವಾರ ಹೆಂಡತಿ.
ಅದೇ ಮನೆ, ಲಿಫ್ಟಿಲ್ಲದ ಅದೇ ಐವತ್ತನಾಲ್ಕು ಮೆಟ್ಟಿಲು,
ಕಿಟಕಿ ತೆರೆದರೆ ಸೆತೂಬಲಿನ ಬಂದರು,
ಕೆಳಗಿನ ಹೋಟೆಲಿನಿಂದ ಕರಿದ ಬೊಂಡಾಸಿನ ಘಮ.

ಝೆಫೆರೀನು ಮೂವತ್ತೊಂದು ವರ್ಷ
ಹಡಗುಗಳನ್ನು ದಡಕ್ಕೆ ತಂದ ಪೈಲಟ್.
ಎತೆಲ್ವೀನಾ ಅಷ್ಟೇ ವರ್ಷ ಕೂದಲು ಕತ್ತರಿಸಿದವರು,
ಬಂದವರಿಗೆಲ್ಲ ಕುರ್ಚಿ ಹಾಕಿ.
ಇಬ್ಬರಿಗೂ ಸೇರಿ ಒಂದು ಕಂಪ್ಯೂಟರು,
ಕ್ರೋಶಾ ಹೊದಿಕೆಯ ಕೆಳಗೆ
ಜ್ವರ ಬಂದ ಕೂಸಿನ ಹಾಗೆ.

ಮಂಗಳವಾರ:
"ಎಲ್ಲ ಮುಚ್ಚು, ಹುಡುಗಿ."
ಫೈರ್‌ವಾಲ್ ತೆರೆದು ತೋರಿಸುತ್ತೇನೆ,
ಇಲ್ಲಿ ಅರವತ್ತೈದು ಸಾವಿರ ಪೋರ್ಟುಗಳಿವೆ, ಕಪ್ತಾನರೇ.
ಕನ್ನಡಕ ಹಣೆಗೇರುತ್ತದೆ.
"ಅರವತ್ತೈದು ಸಾವಿರ ಬಂದರು!
ಯಾವ ಮೂರ್ಖ ಕಟ್ಟಿದ?
ನಾನು ಕಾದದ್ದು ಒಂದನ್ನು,
ಅದಕ್ಕೇ ಎರಡೂ ಮಂಡಿ ಹೋದವು."

ಒಳಬರುವುದೆಲ್ಲ ತಡೆ.
ಹೊರಹೋಗುವುದೂ ತಡೆ.
ಪಾಪ್‌ಅಪ್ ಬಂದ್.
ವಿನಾಯಿತಿಗಳ ಪಟ್ಟಿ: ಅಳಿಸು, ಎಲ್ಲ ಅಳಿಸು.
ಖಚಿತವೇ? ಎಂದು ಯಂತ್ರ ಕೇಳುತ್ತದೆ.
ಖಚಿತ, ಖಚಿತ ಅನ್ನುತ್ತಾರೆ
ನಾನು ಓದಿ ಹೇಳುವ ಮೊದಲೇ.

ಬುಧವಾರ ಆ ಮನೆಯಲ್ಲಿ ಏನೂ ನಡೆಯುವುದಿಲ್ಲ.
ಪ್ರಿಂಟರು ಮೂಕ.
ಬ್ಯಾಂಕು ಕಾಗದ ತೋರಿಸಲು ಇನ್ನೊಂದು ಕಿಟಕಿ ತೆರೆಯಬೇಕು,
ತೆರೆಯದು.
ಲಕ್ಸೆಂಬರ್ಗಿನಿಂದ ತಂಗಿಯ ಮುಖ ಬರಬೇಕಾದಲ್ಲಿ
ಚಕ್ರ ಸುತ್ತುತ್ತದೆ, ಸುತ್ತುತ್ತದೆ.
ಬಟ್ಟೆ ಒಗೆಯುವ ಯಂತ್ರವಾದರೂ
ಕೊನೆಗೊಮ್ಮೆ ನಿಲ್ಲುತ್ತದೆ.

ಗುರುವಾರ, ಅವರು ಕೆಫೆಯಲ್ಲಿ ಡೊಮಿನೊ ಆಡುವ ಹೊತ್ತು,
"ತೆಗಿ ಮಗಳೇ, ಒಂದೊಂದೇ."
ಬ್ಯಾಂಕು. ಪಿಂಚಣಿ. ಕಣ್ಣಿನ ಆಸ್ಪತ್ರೆ.
ಉಣ್ಣೆ ದಾರದ ಅಂಗಡಿ.
ರಾಶಿಫಲ ("ಇದನ್ನು ಅವರಿಗೆ ಹೇಳಬೇಡ").
ಬ್ರೆಜಿಲಿನ ಧಾರಾವಾಹಿಯ ಒಂದು ಪುಟ,
ಜಾಹೀರಾತುಗಳ ಜಾತ್ರೆಯ ನಡುವೆ
ದಿನಾ ಅರ್ಧ ಗಂಟೆ ಅಳಿಸುವಂಥದು.
ಅದು ಬೇಡ, ಅಪಾಯ ಅಂದೆ.
ತಪ್ಪು ಬಣ್ಣ ಕೇಳಿ ಹಟ ಹಿಡಿದ ಗಿರಾಕಿಯ ತಲೆಯನ್ನು
ನೋಡಿರಬಹುದಾದಂತೆ ನನ್ನನ್ನು ನೋಡಿದರು.
ಸರಿ, ಅದೂ.

ನನಗೆ ಮಾತ್ರ ಗೊತ್ತಿರುವುದು:
ಫೆಬ್ರವರಿಯ ಒಂದು ರಾತ್ರಿ
ಕೆಂಪು ಕಿಟಕಿಯೊಂದು ಪರದೆ ತುಂಬ ಎದ್ದು
ಸೈರನ್ನಿನಂತೆ ಅರಚಿತು.
ಐದು ವೈರಸ್, ಈ ಕ್ಷಣವೇ ಈ ನಂಬರಿಗೆ!
ಮಂಜಿನಲ್ಲಿ ತೈಲದ ಹಡಗು ತಿರುಗಿಸಿದ ಮನುಷ್ಯ
ಕಾರ್ಡಿನ ಹದಿನಾರು ಅಂಕಿಗಳನ್ನು
ತೊದಲದೆ ಓದಿ ಹೇಳಿದರು.
ಇನ್ನೂರ ನಲವತ್ತು ಯೂರೋ.
ಯಾವ ಗೋಡೆ ಏನು ಮಾಡೀತು,
ಅಗುಳಿ ತೆಗೆದದ್ದು ಒಳಗಿನ ಕೈ.
"ಅವಳಿಗೆ ಗೊತ್ತಾಗಬಾರದು."
ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ
ಜನ ನಗುತ್ತಾರೆ.
ಹಾಕುವವನ ಕೈ ನೋಡಿದ್ದರೆ ನಗುತ್ತಿರಲಿಲ್ಲ.

ನನಗೆ ಮಾತ್ರ ಗೊತ್ತಿರುವ ಇನ್ನೊಂದು:
ಬ್ಯಾಂಕಿನ ಕಾಗದ ಕೊನೆಗೂ ಪ್ರಿಂಟಾದ ಗುರುವಾರ
ಎತೆಲ್ವೀನಾ ಆ ಸಾಲಿನ ಮೇಲೆ ಬೆರಳಿಟ್ಟರು,
ಎತ್ತಿದರು.
ಹಾಳೆ ನಾಲ್ಕಾಗಿ ಮಡಚಿ ಉಣ್ಣೆ ಬುಟ್ಟಿಯ ತಳಕ್ಕೆ.
"ಕೇಳಿದರೆ, ಪ್ರಿಂಟರು ಕೆಟ್ಟಿದೆ ಅನ್ನು."

ಹಾಗಾಗಿ ಮುಚ್ಚುತ್ತೇನೆ, ತೆಗೆಯುತ್ತೇನೆ.
ಅವರು ಮೆಟ್ಟಿಲ ತಿರುವಿನಲ್ಲಿ ದುಡ್ಡು ಕೊಡುತ್ತಾರೆ,
ಇವರು ಅಡುಗೆಮನೆಯಲ್ಲಿ, ಕಿತ್ತಳೆ ಮಿಠಾಯಿಯ ಜೊತೆ.
ಎರಡೂ ತೆಗೆದುಕೊಳ್ಳುತ್ತೇನೆ. ನನಗೂ ಬಾಡಿಗೆ ಇದೆ.

ಮೊನ್ನೆ ಮಂಗಳವಾರ ಪಟ್ಟಿ ಅಳಿಸುವಾಗ
ಝೆಫೆರೀನು ನನ್ನ ಮಣಿಕಟ್ಟು ಹಿಡಿದರು.
"ಆ ರಾಶಿಫಲದ್ದು ಇರಲಿ."
ಆಮೇಲೆ, ಸಮುದ್ರದ ಕಡೆ ನೋಡುತ್ತ,
"ಕರ್ಕಾಟಕಕ್ಕೆ ಇವತ್ತು ಏನಂತೆ, ನೋಡು."

ತೆರೆದೆ. ಮೊದಲ ಸಾಲು ಓದುವಷ್ಟರಲ್ಲಿ
ಅದರ ಮೇಲೊಂದು ಪುಟ್ಟ ಕಿಟಕಿ ಎದ್ದಿತು,
ಉಬ್ಬಿದ ನರಗಳಿಗೆ ಕಾಲುಚೀಲ, ಅರ್ಧ ಬೆಲೆ.
ಕಪ್ತಾನರು ಮೂಗು ಪರದೆಗೆ ತಾಗುವಷ್ಟು ಬಗ್ಗಿ
ಮುಚ್ಚುವ ಗುರುತು ಎಲ್ಲಿದೆ ಎಂದು
ಮೂಲೆ ಮೂಲೆ ಹುಡುಕತೊಡಗಿದರು.